ಆಲ್ಥಿಯಾ ಗಿಬ್ಸನ್ ಮೊದಲಾ, ಸೆರೀನಾ ಮೊದಲಾ?

ಟೆನಿಸ್‌ನಲ್ಲಿ ಕಪ್ಪು ವರ್ಣದ ಹೆಣ್ಣುಮಕ್ಕಳು ಹೇಗೆ ಜಾಗ ಮಾಡಿಕೊಂಡರು ಅಂತ ತಿಳಿಯೋಕೆ ಹೊರಟಿದ್ದೀರಾ? ಯಾರ ಕಥೆಯಿಂದ ಶುರು ಮಾಡೋದು ಅನ್ನೋದೇ ಗೊಂದಲ ಅಲ್ವಾ?

ಅಮೆರಿಕದ ಆಟಗಾರ್ತಿ ಆಲ್ಥಿಯಾ ಗಿಬ್ಸನ್ ಮುಂದೆ ಇದ್ದದ್ದು, ಕಪ್ಪು ವರ್ಣದವರೆಂಬ ಕಾರಣಕ್ಕೆ ಮುಚ್ಚಿದ ಬಾಗಿಲು. ಅಮೆರಿಕದ ರಾಷ್ಟ್ರೀಯ ಟೂರ್ನಿ ಅವರನ್ನು ಆಡಲು ಬಿಟ್ಟಿದ್ದು 1950ರಲ್ಲಿ. ಅದೂ ಮಾಜಿ ಚಾಂಪಿಯನ್ ಆಲಿಸ್ ಮಾರ್ಬಲ್ ಪತ್ರಿಕೆಯಲ್ಲಿ ಖಾರವಾಗಿ ಬರೆದ ಮೇಲೆ. ಎರಡನೇ ಸುತ್ತಿನಲ್ಲಿ ಆಗಿನ ವಿಂಬಲ್ಡನ್ ಚಾಂಪಿಯನ್ ಲೂಯಿಸ್ ಬ್ರೌ ಎದುರು ಕೊನೆಯ ಸೆಟ್‌ನಲ್ಲಿ 7-6ರಿಂದ ಮುಂದಿದ್ದರು. ಅಷ್ಟರಲ್ಲಿ ಗುಡುಗು, ಮಳೆ. ಆಟ ಮರುದಿನಕ್ಕೆ ಹೋಯಿತು, 7-9ರಲ್ಲಿ ಸೋತರು. 1957ರಲ್ಲಿ ವಿಂಬಲ್ಡನ್ ಗೆದ್ದರೂ ಕೈಗೆ ಬಹುಮಾನದ ಹಣ ಬರಲಿಲ್ಲ. ಆಗಿನದು ಹವ್ಯಾಸಿ ಟೆನಿಸ್.

ಸೆರೀನಾ ವಿಲಿಯಮ್ಸ್‌ಗೆ ಬಾಗಿಲು ತೆರೆದಿತ್ತು, ಒಳಗಿನವರ ಮನಸ್ಸು ತೆರೆದಿರಲಿಲ್ಲ. 2001, ಕ್ಯಾಲಿಫೋರ್ನಿಯಾದ ಇಂಡಿಯನ್ ವೆಲ್ಸ್ ಟೂರ್ನಿ. ಅಕ್ಕ ವೀನಸ್ ಸೆರೀನಾ ಎದುರಿನ ಸೆಮಿಫೈನಲ್‌ನಿಂದ ಕೊನೇ ಗಳಿಗೆಯಲ್ಲಿ ಹಿಂದೆ ಸರಿದಿದ್ದಕ್ಕೆ ಫೈನಲ್‌ನಲ್ಲಿ 19 ವರ್ಷದ ಸೆರೀನಾಗೆ ಜನ ಕೂಗಿ ಛೀಮಾರಿ ಹಾಕಿದರು. ಜನಾಂಗೀಯ ಬೈಗುಳವೂ ಕೇಳಿಬಂತು ಅಂತ ಅವರ ಅಪ್ಪ ಹೇಳಿದರು. ಸೆರೀನಾ ಕಿಮ್ ಕ್ಲೈಸ್ಟರ್ಸ್‌ರನ್ನು ಸೋಲಿಸಿ ಕಪ್ ಎತ್ತಿದರು, ಆಮೇಲೆ 2015ರವರೆಗೆ ಆ ಟೂರ್ನಿಗೆ ಕಾಲಿಡಲಿಲ್ಲ. ಸಮಾನ ದುಡ್ಡಿಗಾಗಿ ಜಗಳ ಆಡಿದ್ದು ವೀನಸ್: 2007ರಲ್ಲಿ ವಿಂಬಲ್ಡನ್ ಗಂಡಸರಿಗೂ ಹೆಂಗಸರಿಗೂ ಸಮಾನ ಬಹುಮಾನ ಕೊಟ್ಟಿತು.

ವಿಡಿಯೊ ನೋಡೋ ಆಸೆ ಜಾಸ್ತಿ ಇದ್ದರೆ ಸೆರೀನಾ ಸುಲಭ. ನನ್ನ ಓಟು ಮಾತ್ರ ಗಿಬ್ಸನ್‌ಗೆ. ಆ ಮಳೆ ಒಂದು ಗಂಟೆ ತಡವಾಗಿ ಬಂದಿದ್ದರೆ ಅಂತ ಈಗಲೂ ಸುಮ್ನೆ ಯೋಚಿಸುತ್ತೇನೆ.