ಹಳೇ ಜಿಪ್ಸಿ: ಮೊದಲು ತಗಡು ನೋಡಿ, ಎಂಜಿನ್ ಆಮೇಲೆ

ಮೈಸೂರು, ಮಂಡ್ಯ ಸುತ್ತಮುತ್ತ ಮಾರಾಟಕ್ಕಿರುವ ಮಾರುತಿ ಜಿಪ್ಸಿ ನೋಡಲು ಹೋದವರು ಮೊದಲು ಬಾನೆಟ್ ಎತ್ತಿಸುತ್ತಾರೆ. ಅದು ತಪ್ಪು ಕ್ರಮ. ಈ ಗಾಡಿಯ ಎಂಜಿನ್ ಕೆಟ್ಟಿದ್ದರೆ ಬಿಚ್ಚಿ ಕಟ್ಟಬಹುದು, ನಮ್ಮ ಊರಿನ ಗ್ಯಾರೇಜುಗಳಲ್ಲಿ ಅದು ಕಷ್ಟದ ಕೆಲಸವೇ ಅಲ್ಲ. ತುಕ್ಕು ಹಿಡಿದ ಚಾಸಿಯನ್ನು (ಇಡೀ ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು) ಮಾತ್ರ ಎಷ್ಟು ದುಡ್ಡು ಸುರಿದರೂ ಮೊದಲಿನಂತೆ ಮಾಡಲಾಗದು.

ಯಾವ ಮಾಡೆಲ್ ಅನ್ನುವುದು ಮೊದಲು ತೀರ್ಮಾನವಾಗಲಿ. 1985ರಲ್ಲಿ ಬಂದ ಜಿಪ್ಸಿಗೆ ಇದ್ದದ್ದು 970 ಸಿಸಿ ಎಂಜಿನ್. 1996ರ ಜಿಪ್ಸಿ ಕಿಂಗ್‌ಗೆ 1298 ಸಿಸಿ, ಕಾರ್ಬ್ಯುರೇಟರ್, 60 ಹಾರ್ಸ್ ಪವರ್. 2000ದಲ್ಲಿ ಅದೇ ಅಳತೆಯ ಎಂಜಿನ್‌ಗೆ 16 ವಾಲ್ವ್, ಕಾರ್ಬ್ಯುರೇಟರ್ ಬದಲು ಎಂಪಿಎಫ್‌ಐ (ಎಲೆಕ್ಟ್ರಾನಿಕ್ ಆಗಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಬಂದು 80 ಹಾರ್ಸ್ ಪವರ್ ಆಯಿತು. 2019ಕ್ಕೆ ಜನಸಾಮಾನ್ಯರಿಗೆ ಮಾರಾಟ ನಿಂತಿತು. ದಿನಬಳಕೆಗೆ ಎಂಪಿಎಫ್‌ಐ ಗಾಡಿಯೇ ಸರಿ. ಕಾರ್ಬ್ಯುರೇಟರ್ ಟ್ಯೂನ್ ಮಾಡಬಲ್ಲ ಹಳೇ ಕೈಗಳು ಕಡಿಮೆಯಾಗುತ್ತಿವೆ, ಜೊತೆಗೆ ಈಗ ಬಂಕ್‌ನಲ್ಲಿ ಸಿಗುವ ಇ20 ಪೆಟ್ರೋಲ್ (ಶೇ 20 ಎಥೆನಾಲ್ ಬೆರೆಸಿದ್ದು) ಹಳೇ ರಬ್ಬರ್ ಪೈಪುಗಳನ್ನು ಬೇಗ ಹಾಳು ಮಾಡುತ್ತದೆ. ಎಂಪಿಎಫ್‌ಐ ಕೊಂಡರೂ ಟ್ಯಾಂಕ್‌ನಿಂದ ಎಂಜಿನ್‌ವರೆಗಿನ ಪೆಟ್ರೋಲ್ ಹೋಸ್ ಎಲ್ಲ ಹೊಸದು ಹಾಕಿಸಿ, ಟ್ಯಾಂಕ್ ಇಳಿಸಿ ಒಳಗಿನ ತುಕ್ಕು ನೋಡಿಸಿ.

ಈಗ ತಗಡಿನ ವಿಷಯ. ಕೊಡಗಿನ ಎಸ್ಟೇಟ್‌ನಲ್ಲಿ ದುಡಿದ ಕೆಎ-12 ಗಾಡಿ ಕಡಿಮೆ ಕಿಲೋಮೀಟರ್ ಓಡಿರಬಹುದು, ಆದರೆ ಅಲ್ಲಿನ ಮಳೆ ಅದನ್ನು ಕೆಳಗಿನಿಂದ ತಿಂದಿರುತ್ತದೆ. ಮ್ಯಾಟ್ ಎತ್ತಿ ಫ್ಲೋರ್ ನೋಡಿ. ಮುಂದಿನ ಗಾಜಿನ ಫ್ರೇಮ್‌ನ ಬುಡ, ಮುಂದಿನ ಚಕ್ರದ ಹಿಂಬದಿಯ ಮೂಲೆ, ಸೀಟ್ ಬೋಲ್ಟ್ ಕೂರುವ ಜಾಗ, ಹಿಂದಿನ ಲೀಫ್ ಸ್ಪ್ರಿಂಗ್ (ಪಟ್ಟಿ ಸ್ಪ್ರಿಂಗ್) ಹಿಡಿದಿರುವ ಹ್ಯಾಂಗರ್ ಚಾಸಿಗೆ ಸೇರುವ ಕಡೆ, ಚಾಸಿಯ ಹಿಂದಿನ ಕ್ರಾಸ್ ಮೆಂಬರ್ (ಅಡ್ಡಪಟ್ಟಿ): ತುಕ್ಕು ಕೂರುವುದು ಇಲ್ಲೆಲ್ಲ. ಒಂದು ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಡಿ ಮೇಲೆ ಓಡಿಸಿದರೆ ಪುಟ್ಟಿ ಮೆತ್ತಿದ ಕಡೆ ಹಿಡಿತ ಸಡಿಲುತ್ತದೆ. ಚಾಸಿಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ಒಳಗೆ ಪದರ ಬಿಟ್ಟಿದ್ದರೆ ಮಂದವಾಗಿ ಸದ್ದು ಬರುತ್ತದೆ. ಕೆಳಗೆ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಇನ್ನಷ್ಟು ಎಚ್ಚರ ಬೇಕು. ಫ್ಲೋರ್‌ಗೆ ತೇಪೆ ಹಾಕಿಸಬಹುದು. ಸ್ಪ್ರಿಂಗ್ ಹ್ಯಾಂಗರ್ ಹತ್ತಿರ ಚಾಸಿ ತೂತಾಗಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಎದ್ದು ಬನ್ನಿ.

ಎರಡನೆಯದು ಮುಂದಿನ ಆಕ್ಸಲ್. ಚಕ್ರದ ಒಳಬದಿಯಲ್ಲಿ ದುಂಡಗೆ ಕಾಣುವ ನಕಲ್ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೀಲು) ಸುತ್ತ ಜಿಡ್ಡು ಇಳಿದಿದೆಯೇ ನೋಡಿ. ಆಕ್ಸಲ್ ಒಳಸೀಲ್ ಹೋದರೆ ಡಿಫರೆನ್ಷಿಯಲ್ (ಎರಡೂ ಬದಿಯ ಚಕ್ರಕ್ಕೆ ಶಕ್ತಿ ಹಂಚುವ ಆಕ್ಸಲ್‌ನ ಗೇರ್) ಆಯಿಲ್ ನಕಲ್‌ನೊಳಗೆ ನುಗ್ಗಿ ಗ್ರೀಸನ್ನು ತೊಳೆದು ಹೊರಗೆ ಸೋರುತ್ತದೆ. ಹೊರಗಿನ ಸೀಲ್ ಮಾತ್ರ ಬದಲಿಸಿದರೆ ಸ್ವಲ್ಪ ದಿನದಲ್ಲೇ ಮತ್ತೆ ಸೋರಿಕೆ. ಬಿಚ್ಚಿದ ಮೇಲೆ ಒಳಸೀಲ್, ಹೊರಸೀಲ್, ಮೇಲೆ ಕೆಳಗೆ ಎರಡೂ ಕಿಂಗ್‌ಪಿನ್ ಬೇರಿಂಗ್ (ನಕಲ್ ತಿರುಗುವುದು ಇವುಗಳ ಮೇಲೆ) ಒಟ್ಟಿಗೇ ಹಾಕಿಸಬೇಕು, ಎರಡೂ ಚಕ್ರಕ್ಕೆ. ಹಳೇ ಶಿಮ್‌ಗಳನ್ನು (ತೆಳು ಲೋಹದ ಬಿಲ್ಲೆಗಳು) ಎಸೆಯಬೇಡಿ ಎಂದು ಮೆಕ್ಯಾನಿಕ್‌ಗೆ ಮೊದಲೇ ಹೇಳಿ, ಬೇರಿಂಗ್ ಬಿಗಿ ಹೊಂದಿಸುವುದು ಅವುಗಳಿಂದಲೇ.

ಇದರ ಜೊತೆಗೇ ಬರುವ ತೊಂದರೆ ಸ್ಟೇರಿಂಗ್ ನಡುಕ. ಅರವತ್ತರ ಆಸುಪಾಸಿನ ವೇಗದಲ್ಲಿ ಸಣ್ಣ ಗುಂಡಿಗೆ ಬಿದ್ದೊಡನೆ ಮುಂದಿನ ಚಕ್ರಗಳು ಗಡಗಡ ಒದ್ದಾಡುತ್ತವೆ, ಬ್ರೇಕ್ ಹಿಡಿದು ನಿಲ್ಲಿಸುವ ತನಕ ಬಿಡುವುದಿಲ್ಲ. ಸವೆದ ಕಿಂಗ್‌ಪಿನ್ ಬೇರಿಂಗ್, ಟೈ ರಾಡ್ ಎಂಡ್ (ಮುಂದಿನ ಚಕ್ರಗಳನ್ನು ಜೋಡಿಸುವ ಸರಳಿನ ತುದಿ), ಸ್ಪ್ರಿಂಗ್ ಬುಷ್, ಬ್ಯಾಲೆನ್ಸ್ ಇಲ್ಲದ ಟೈರ್ ಇದಕ್ಕೆ ಕಾರಣ. ಹೊಸ ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗ್‌ನ ಶಾಕ್ ಅಬ್ಸಾರ್ಬರ್) ಹಾಕಿ ಇದನ್ನು ಕೆಲವು ದಿನ ಮುಚ್ಚಿಡಬಹುದು. ಹಳೇ ಗಾಡಿಯಲ್ಲಿ ಡ್ಯಾಂಪರ್ ಒಂದೇ ಮಿರಮಿರ ಹೊಳೆಯುತ್ತಿದ್ದರೆ ಯಾಕೆ ಹಾಕಿಸಿದಿರಿ ಎಂದು ಕೇಳಿ. ಮುಂದಿನ ಚಕ್ರವನ್ನು ಜಾಕಿ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಸಡಿಲ ಎಲ್ಲಿದೆ ಗೊತ್ತಾಗುತ್ತದೆ.

ಮುಂದಿನ, ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಈ ಗಾಡಿಯಲ್ಲಿ ಗೇರ್‌ಬಾಕ್ಸ್‌ಗೆ ಅಂಟಿಕೊಂಡಿಲ್ಲ, ನಡುವೆ ಒಂದು ಗಿಡ್ಡ ಶಾಫ್ಟ್ ಇದೆ. ಅದು ನಿಂತಿರುವುದು ರಬ್ಬರ್ ಮೌಂಟ್‌ಗಳ ಮೇಲೆ. ಮೌಂಟ್ ಕುಸಿದರೆ ಲಿವರ್ ನಡುಗುತ್ತದೆ, ಲೋ ಗೇರ್ ತಾನೇ ಹಾರುತ್ತದೆ. ಇದನ್ನು ಟಾರ್ ರಸ್ತೆಯಲ್ಲಿ ಪರೀಕ್ಷೆ ಮಾಡಬೇಡಿ. ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸೆಂಟರ್ ಡಿಫರೆನ್ಷಿಯಲ್ ಇಲ್ಲದ್ದರಿಂದ ಒಣ ಟಾರ್ ಮೇಲೆ ಫೋರ್ ವೀಲ್ ಹಾಕಿ ತಿರುಗಿಸಿದರೆ ಶಾಫ್ಟು ಬಿಗಿದುಕೊಳ್ಳುತ್ತವೆ. ಮಂಡ್ಯದ ಕಡೆಯಾದರೆ ನಾಲೆ ಏರಿಯ ಮಣ್ಣು ದಾರಿ ಸಾಕು: 4ಎಲ್ (ಫೋರ್ ವೀಲ್ ಲೋ), ಎರಡನೇ ಗೇರ್, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಡಿ. ಲಿವರ್ ಹಾರದಿದ್ದರೆ ಒಳ್ಳೆಯದು. ಹೊರಡುವಾಗ, ಗೇರ್ ಬದಲಿಸುವಾಗ ಟಕ್ ಎಂದರೆ ಶಾಫ್ಟ್‌ನ ಕ್ರಾಸ್ (ಕೀಲು) ಹೋಗಿರುತ್ತದೆ, ಅದು ಸಣ್ಣ ಖರ್ಚು.

ಎಂಜಿನ್‌ಗೆ ಚಾಮುಂಡಿ ಬೆಟ್ಟಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಹತ್ತುವಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಟೆಂಪರೇಚರ್ ಮುಳ್ಳು ಮೇಲೆ ಹೋದರೆ ರೇಡಿಯೇಟರ್ ಕೆಲಸ ಇದೆ. ಇಳಿಯುವಾಗ ಗೇರ್‌ನಲ್ಲೇ ಬಿಟ್ಟು, ಕೊನೆಗೆ ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್ ಹೋಗಿವೆ.

ಕೊಂಡ ಮೇಲೆ ಆಯಿಲ್ ಎಲ್ಲ ಬದಲಿಸಿ. ಅಂದಾಜು ಲೆಕ್ಕ ಇದು: ಗೇರ್‌ಬಾಕ್ಸ್‌ಗೆ 1.3 ಲೀಟರ್, ಟ್ರಾನ್ಸ್‌ಫರ್ ಕೇಸ್‌ಗೆ 0.8, ಮುಂದಿನ ಡಿಫರೆನ್ಷಿಯಲ್‌ಗೆ 2, ಹಿಂದಿನದಕ್ಕೆ 1.5. ಗೇರ್‌ಬಾಕ್ಸ್‌ಗೆ ಜಿಎಲ್-4 ದರ್ಜೆಯ ಆಯಿಲ್, ಡಿಫರೆನ್ಷಿಯಲ್‌ಗೆ ಜಿಎಲ್-5. ಅದಲುಬದಲು ಮಾಡಿದರೆ ಗೇರ್ ಸರಾಗವಾಗಿ ಬೀಳಿಸುವ ಸಿಂಕ್ರೊ ರಿಂಗ್‌ನ ಹಿತ್ತಾಳೆ ಸವೆಯುತ್ತದೆ. ಕೆಳಗಿನ ಡ್ರೇನ್ ಪ್ಲಗ್ ಬಿಚ್ಚುವ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚುತ್ತದೆಯೇ ನೋಡಿಕೊಳ್ಳಬೇಕು, ಅದು ತುಕ್ಕಿನಿಂದ ಕಚ್ಚಿಕೊಂಡಿದ್ದರೆ ಖಾಲಿ ಡಬ್ಬಕ್ಕೆ ಆಯಿಲ್ ಹಾಕಲು ದಾರಿಯೇ ಇರುವುದಿಲ್ಲ. ಇಳಿದ ಆಯಿಲ್ ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ. ಆಕ್ಸಲ್ ಬ್ರೀದರ್ (ಗಾಳಿ ಆಡುವ ಕಿಂಡಿ) ಕೆಸರು ಕಟ್ಟಿಕೊಂಡಿದ್ದರೆ, ಬಿಸಿ ಆಕ್ಸಲ್ ಹಳ್ಳದ ನೀರಿಗಿಳಿದು ತಣಿದಾಗ ಸೀಲ್ ಮೂಲಕ ನೀರನ್ನು ಒಳಗೆಳೆದುಕೊಳ್ಳುತ್ತದೆ. ಗದ್ದೆ ಬಯಲಿನಲ್ಲಿ ಓಡಿದ ಗಾಡಿಯಲ್ಲಿ ಬ್ರೀದರ್ ಬಿಚ್ಚಿ ತೊಳೆಸಿ. ಟೈಮಿಂಗ್ ಬೆಲ್ಟ್, ಟೆನ್ಷನರ್ ಯಾವಾಗ ಹಾಕಿದ್ದು ಎಂಬುದಕ್ಕೆ ಬಿಲ್ ಇಲ್ಲದಿದ್ದರೆ ಹೊಸದೇ ಹಾಕಿಸಿ. ಮೈಸೂರಿನಲ್ಲಿ ಸಿಗದ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ. ಬೇರಿಂಗ್, ಸೀಲ್‌ನಲ್ಲಿ ಅಗ್ಗದ್ದಕ್ಕೆ ಹೋಗಬೇಡಿ, ಬಿಚ್ಚುವ ಕೂಲಿ ಎರಡು ಸಲ ಬೀಳುತ್ತದೆ.

ದೊಡ್ಡ ಟೈರ್ ಆಸೆ ಬಿಡುವುದು ಮೇಲು. 205/70 ಆರ್15 ಅಳತೆಗೆ ಈ ಗೇರ್ ಕಟ್ಟಿದ್ದಾರೆ. ಅದಕ್ಕಿಂತ ದೊಡ್ಡ ಟೈರ್ ಹಾಕಿದರೆ ಎಳೆತ ಕುಂದುತ್ತದೆ, ಮುಂದಿನ ಜಾಯಿಂಟ್ ಮೇಲೆ ಭಾರ ಬೀಳುತ್ತದೆ.

ಏರ್‌ಬ್ಯಾಗ್ ಇಲ್ಲ, ಖಾಲಿ ಗಾಡಿಯಲ್ಲಿ ಎತ್ತಿ ಹಾಕುವ ಸವಾರಿ, ಹಿಂದೆ ಎದುರುಬದುರು ಬೆಂಚು. ಮನೆಮಂದಿಯೊಂದಿಗೆ ದಿನಾ ಬೆಂಗಳೂರು ಹೆದ್ದಾರಿಯಲ್ಲಿ ಓಡಾಡುವವರು ಇದನ್ನು ಕೊಳ್ಳಬಾರದು. ತೋಟ, ಗದ್ದೆ, ಎಚ್.ಡಿ. ಕೋಟೆ ಕಡೆಯ ಮಣ್ಣು ರಸ್ತೆ ಇರುವವರಿಗೆ ಒಂದು ಟನ್ ಆಸುಪಾಸಿನ ಈ ಹಗುರ ಗಾಡಿ ಹೂತುಕೊಳ್ಳದೆ ಹೋಗುವ ರೀತಿ ಇಂದಿಗೂ ಮೆಚ್ಚುವಂಥದ್ದು. ಭಾರ ಎಳೆಯಬೇಕಾದರೆ 2020ಕ್ಕಿಂತ ಮುಂಚಿನ ಡೀಸೆಲ್ ಥಾರ್ ನೋಡಿ.

ಕಾಗದಪತ್ರದಲ್ಲಿ ಚಾಸಿ ನಂಬರ್ ಆರ್‌ಸಿಗೆ ತಾಳೆಯಾಗಲೇಬೇಕು, ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದು ನೋಡಿ. ಸೇನೆಯ ಹರಾಜಿನ ಗಾಡಿಯಾದರೆ ಆಲಿವ್ ಹಸಿರು ಬಣ್ಣ ಬದಲಾಗಿ ಆರ್‌ಸಿಯಲ್ಲೂ ನಮೂದಾಗಿರಬೇಕು, ಆ ಬಣ್ಣ ಖಾಸಗಿಯವರಿಗೆ ಇಲ್ಲ. ಹೊರರಾಜ್ಯದ್ದಾದರೆ ಫಾರ್ಮ್ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಇಲ್ಲಿ ತೆರಿಗೆಯನ್ನೂ ಕಟ್ಟಬೇಕು. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ. ಅವಧಿ ಮುಗಿದಿದ್ದರೆ ಮಾರುವವರೇ ನವೀಕರಿಸಿ ಕೊಡಲಿ, ಉಳಿದ ಹಣವನ್ನು ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಬಿದ್ದ ದಿನ ಕೊಡಿ.