ಹಾಲ್‌ನ ಗೋಡೆಗೆ ಮೈಸೂರು ಶೈಲಿಯ ಚಿತ್ರವೋ, ಕ್ಯಾನ್ವಾಸೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೈಸೂರು ಚಿತ್ರಕ್ಕೆ. "ಅದೆಲ್ಲ ಕಸುಬು, ಕಲೆ ಅಲ್ಲ" ಎಂದು ನಮ್ಮ ಆಫೀಸಿನವರೊಬ್ಬರು ಮೂಗು ಮುರಿದರು. ಮುರಿಯಲಿ. ಕಸುಬು ಗೊತ್ತಿಲ್ಲದ ಕಲೆಯನ್ನು ಪೊರಕೆ ಹಿಡಿದು ಗುಡಿಸಿದವಳು ನಾನು.

ಎರಡೂ ನಮ್ಮ ಮನೆಯಲ್ಲೇ ಇವೆ. ಒಂದು, ಕಲಾವಿದರು ರಸ್ತೆಯಲ್ಲೇ ಚಿತ್ರ ಮಾರುವ ಚಿತ್ರಸಂತೆಯ ದಿನ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕೊಂಡ ನಾಲ್ಕಡಿ ಅಗಲದ ಅಮೂರ್ತ ಕ್ಯಾನ್ವಾಸ್. ನೀಲಿ, ಬೂದು, ನಡುವೆ ತುಕ್ಕಿನ ಬಣ್ಣದ ದಪ್ಪ ಉಬ್ಬು. 14 ಸಾವಿರ. ಇನ್ನೊಂದು, ಮಲ್ಲೇಶ್ವರದಲ್ಲಿ ಮನೆಯಲ್ಲೇ ಕೂತು ಬರೆಯುವ ಹಿರಿಯರೊಬ್ಬರಿಂದ ಮಾಡಿಸಿಕೊಂಡ ಸರಸ್ವತಿ. ಎತ್ತರ ಒಂದೂವರೆ ಅಡಿ, ಬೆಲೆ 22 ಸಾವಿರ, ಫ್ರೇಮಿನ ಖರ್ಚು ಬೇರೆ. ಅಡಿ ಲೆಕ್ಕದಲ್ಲಿ ನೋಡಿದರೆ ಕ್ಯಾನ್ವಾಸೇ ಲಾಭ.

ಮೊದಲ ನೋಟಕ್ಕೆ ಗೆಲ್ಲುವುದೂ ಕ್ಯಾನ್ವಾಸೇ. ಸಂಜೆ ಬಾಲ್ಕನಿಯಿಂದ ಬಿಸಿಲು ಓರೆಯಾಗಿ ಬಿದ್ದಾಗ ಆ ಉಬ್ಬುಗಳ ನೆರಳು ಬೆಳೆಯುತ್ತಾ ಹೋಗುತ್ತದೆ, ಚಿತ್ರವೇ ಬದಲಾಗುತ್ತದೆ. ಬಂದವರೆಲ್ಲ "ಇದೇನ್ರೀ, ಮಳೆಯಾ, ಹಳೇ ಗೋಡೆಯಾ?" ಎಂದು ಕೇಳುತ್ತಾರೆ. ಸರಸ್ವತಿಯನ್ನು ನೋಡಿ ಯಾರೂ ಏನೂ ಕೇಳುವುದಿಲ್ಲ. ಚಪ್ಪಲಿ ಬಿಟ್ಟಿದ್ದೀವಾ ಅಂತ ಒಮ್ಮೆ ಕಾಲು ನೋಡಿಕೊಳ್ಳುತ್ತಾರೆ, ಅಷ್ಟೆ.

ಈಗ ತಕರಾರಿಗೆ ಬರೋಣ. ಮಳೆಗಾಲ ಶುರುವಾದ ಮೇಲೆ ಸೋಫಾ ಮೇಲೆ ಅಕ್ಕಿನುಚ್ಚಿನಂಥ ಬೂದು ಚೂರುಗಳು ಕಾಣತೊಡಗಿದವು. ಸುಣ್ಣ ಉದುರುತ್ತಿದೆ ಎಂದು ನಮ್ಮತ್ತೆ ಮನೆ ಓನರಿಗೆ ಫೋನ್ ಮಾಡಿಯೇಬಿಟ್ಟರು. ಅವರು ಬಂದು, ಗೋಡೆ ತಟ್ಟಿ ನೋಡಿ, ಕ್ಯಾನ್ವಾಸ್ ಕಡೆ ಬೆರಳು ತೋರಿಸಿದರು. ಇಳಿಸಿ ನೋಡಿದರೆ ಬಟ್ಟೆ ನಡುವೆ ಜೋತುಬಿದ್ದಿದೆ, ಉಬ್ಬಿನ ಉದ್ದಕ್ಕೂ ಬಿರುಕು. ಉಗುರು ತಾಗಿದರೆ ಸಾಕು, ಒಂದು ಚೂರು ಕೈಗೇ ಬರುತ್ತದೆ.

ಫ್ರೇಮ್ ಹಾಕುವ ಅಂಗಡಿಗೆ ಒಯ್ದೆ. ಅಂಗಡಿಯವರು ಚಿತ್ರವನ್ನು ನೋಡಲೇ ಇಲ್ಲ, ಸೀದಾ ಹಿಂದಕ್ಕೆ ತಿರುಗಿಸಿದರು. "ಬೆಣೆನೇ ಇಲ್ವಲ್ಲ ಮೇಡಂ" ಎಂದರು. ಕ್ಯಾನ್ವಾಸ್ ಬಿಗಿಯುವ ಮರದ ಚೌಕದ ನಾಲ್ಕೂ ಮೂಲೆಯಲ್ಲಿ ಸೀಳು ಬಿಟ್ಟು, ಅದರಲ್ಲಿ ಪುಟ್ಟ ಬೆಣೆ ಇಡುತ್ತಾರಂತೆ. ಹವೆ ಬದಲಾಗಿ ಬಟ್ಟೆ ಸಡಿಲವಾದರೆ ಬೆಣೆಗೆ ಮೆಲ್ಲಗೆ ಎರಡು ಏಟು ಹಾಕುವುದು. ಚೌಕ ಒಂಚೂರು ಅಗಲವಾಗುತ್ತದೆ, ಬಟ್ಟೆ ಮತ್ತೆ ಬಿಗಿಯಾಗುತ್ತದೆ. ನಮ್ಮದರಲ್ಲಿ ಮೂಲೆಗೆ ಮೊಳೆ ಹೊಡೆದು ಕೈತೊಳೆದುಕೊಂಡಿದ್ದರು.

ಇನ್ನು ಆ ಉಬ್ಬು ಏನು ಗೊತ್ತಾ? ಗೋಡೆಗೆ ಹಚ್ಚುವ ಪುಟ್ಟಿ. ಕ್ಯಾನ್ವಾಸಿಗೆಂದೇ ಅಕ್ರಿಲಿಕ್ ಪೇಸ್ಟ್ ಸಿಗುತ್ತದೆ, ಬಟ್ಟೆ ಜೊತೆ ಅದೂ ಸ್ವಲ್ಪ ಬಾಗುತ್ತದೆ. ಆದರೆ ಪುಟ್ಟಿಗಿಂತ ಬೆಲೆ ತುಂಬಾ ಜಾಸ್ತಿ. ಪುಟ್ಟಿ ಇರುವುದು ಅಲ್ಲಾಡದ ಗೋಡೆಗೆ. ಜೋತಾಡುವ ಬಟ್ಟೆಯ ಮೇಲೆ ಬಳಿದರೆ ಬಿರಿಯದೆ ಇನ್ನೇನಾಗುತ್ತದೆ?

ಬರೆದವರಿಗೆ ಫೋನ್ ಮಾಡಿದೆ. "ಕ್ರ್ಯಾಕ್ ಕೂಡ ಈ ವರ್ಕಿನ ಭಾಗಾನೇ ಮೇಡಂ" ಎಂದರು. ದುಡ್ಡು ಎಣಿಸಿಕೊಳ್ಳುವಾಗ ಈ ಮಾತು ಬಂದಿರಲಿಲ್ಲ. ಬೇಕೆಂದೇ ಬಿರುಕು ಬರಿಸುವ ಕಲಾವಿದರಿದ್ದಾರೆ, ಒಪ್ಪುತ್ತೇನೆ. ಅದಕ್ಕೂ ಒಂದು ವಿಧಾನವಿದೆ, ಬಿರುಕು ಬಿಟ್ಟರೂ ಚೂರು ಕೆಳಗೆ ಬೀಳದ ಹಾಗೆ ಮಾಡುತ್ತಾರೆ. ಉದುರಿದ ಮೇಲೆ ಅದಕ್ಕೊಂದು ಅರ್ಥ ಹಚ್ಚುವುದು ಬೇರೆ ವಿಷಯ.

ತಮಾಷೆ ಏನೆಂದರೆ, ಸರಸ್ವತಿಯಲ್ಲೂ ಉಬ್ಬಿದೆ. ಕಿರೀಟ, ಒಡವೆ, ಸೀರೆಯ ಜರಿ, ವೀಣೆಯ ಅಂಚು ಎಲ್ಲ ಗೆಸ್ಸೋ ಕೆಲಸ. ಸಫೇದ ಎನ್ನುವ ಬಿಳಿ ಪುಡಿಯನ್ನು ಗೋಂದಿನ ಜೊತೆ ನುಣ್ಣಗೆ ಅರೆದು, ಸಣ್ಣ ಕುಂಚದಲ್ಲಿ ಗೆರೆಗೆರೆಯಾಗಿ ಏರಿಸಿ, ಮೇಲೆ ಚಿನ್ನದ ರೇಕು ಕೂರಿಸುವುದು. ತಂಜಾವೂರು ಚಿತ್ರದಷ್ಟು ದಪ್ಪ ಇರುವುದಿಲ್ಲ. ಓರೆಯಾಗಿ ನೋಡಿದರೆ ಮಾತ್ರ ಉಬ್ಬು ಗೊತ್ತಾಗುತ್ತದೆ. ಕಾಗದವನ್ನು ಹಲಗೆಗೆ ಅಂಟಿಸಿ ಬರೆದಿರುವುದರಿಂದ ಅಡಿಯಲ್ಲಿ ಯಾವುದೂ ಬಾಗುವುದಿಲ್ಲ.

"ಇನ್ನೂ ಸ್ವಲ್ಪ ದಪ್ಪ ಮಾಡಬಹುದಲ್ವಾ ಸಾರ್?" ಎಂದು ಮಲ್ಲೇಶ್ವರದ ಆ ಹಿರಿಯರನ್ನು ಕೇಳಿದ್ದೆ.

"ಮಾಡಬಹುದಮ್ಮ, ನೋಡೋಕೆ ಜೋರಾಗೇ ಇರುತ್ತೆ. ಇಪ್ಪತ್ತು ವರ್ಷ ಆದ್ಮೇಲೆ ಬಿರುಕು ಬಿಟ್ರೆ ಬೈಸಿಕೊಳ್ಳೋಕೆ ನಾನಿರಬೇಕಲ್ಲ!"

ರೇಕು ಹಾಕುವಾಗ ಅವರು ಫ್ಯಾನ್ ಆರಿಸಿದರು. ಏಪ್ರಿಲ್ ತಿಂಗಳು, ಇಬ್ಬರಿಗೂ ಬೆವರು. ಚೂರನ್ನು ಎತ್ತಿ ಇಡುವಷ್ಟು ಹೊತ್ತು ಉಸಿರು ಬಿಡಲಿಲ್ಲ, ನನಗೂ ಮಾತಾಡಬೇಡ ಎಂದು ಕೈಸನ್ನೆ ಮಾಡಿದರು. ಆಮೇಲೆ ತೆಳು ಕಾಗದ ಹೊದಿಸಿ, ನುಣುಪು ಕಲ್ಲಿನಿಂದ ಉಜ್ಜಿದರು. ಕಾಗದ ತೆಗೆದಾಗ ಬಳೆಯ ಒಂದೊಂದು ಚುಕ್ಕಿಯೂ ಬೇರೆಬೇರೆಯಾಗಿ ಹೊಳೆಯುತ್ತಿತ್ತು.

ಇವರಲ್ಲಿ ತೊಂದರೆ ಒಂದೇ, ಹೇಳಿದ ದಿನಕ್ಕೆ ಕೊಡುವುದಿಲ್ಲ. ನವರಾತ್ರಿಗೆ ಎಂದಿದ್ದು ಕೈಗೆ ಬಂದದ್ದು ಸಂಕ್ರಾಂತಿಗೆ.

ಕಲೆ ಬೇರೆ, ಕಸುಬು ಬೇರೆ ಎನ್ನುವ ವಾದವನ್ನು ನಾನು ಸುಮ್ನೆ ತಳ್ಳಿಹಾಕುತ್ತಿಲ್ಲ. ಇಂಗ್ಲೆಂಡಿನ ತತ್ತ್ವಜ್ಞಾನಿ ಕಾಲಿಂಗ್‌ವುಡ್ 1938ರಲ್ಲಿ ಇದನ್ನು ವಿವರವಾಗಿಯೇ ಬರೆದರು. ಕಸುಬುದಾರನಿಗೆ ಏನು ಮಾಡಬೇಕೆಂದು ಕೈ ಹಾಕುವ ಮೊದಲೇ ಗೊತ್ತಿರುತ್ತದೆ, ಕಲಾವಿದನಿಗೆ ಅದು ಮಾಡುತ್ತಾ ಗೊತ್ತಾಗುತ್ತದೆ ಎನ್ನುವುದು ಅವರ ಮಾತಿನ ಸಾರ. ಆ ಲೆಕ್ಕದಲ್ಲಿ ಸರಸ್ವತಿ ಕಸುಬಿನ ಕಡೆಗೇ ಬೀಳಬೇಕು. ನಾಲ್ಕು ಕೈ, ವೀಣೆ, ಪುಸ್ತಕ, ಜಪಮಾಲೆ ಎಲ್ಲ ಮೊದಲೇ ತೀರ್ಮಾನವಾಗಿದೆ. ಆದರೆ ನಮ್ಮ ಚಿತ್ರದಲ್ಲಿ ಹಂಸ ಕತ್ತು ಹಿಂದಕ್ಕೆ ತಿರುಗಿಸಿ, ದೇವಿಯ ಸೆರಗಿನ ತುದಿಯನ್ನು ಕೊಕ್ಕಿನಲ್ಲಿ ಹಿಡಿದಿದೆ. ಮೊದಲು ಗೆರೆ ಹಾಕಿದ ಕಾಗದದಲ್ಲಿ ಅದು ನೆಟ್ಟಗೆ ಮುಂದೆ ನೋಡುತ್ತಿತ್ತು. ಕೇಳಿದರೆ, "ಅಲ್ಲಿ ಖಾಲಿ ಖಾಲಿ ಅನ್ನಿಸ್ತು, ತಿರುಗಿಸಿದೆ" ಎಂದರು. ಇದನ್ನು ಯಾವ ಕಡೆ ಹಾಕುತ್ತೀರಿ?

ನಮ್ಮೂರಲ್ಲೇ ಇನ್ನೊಂದು ಉದಾಹರಣೆ ಇದೆ. ಕೆ. ವೆಂಕಟಪ್ಪನವರು (1886–1965) ಮೈಸೂರು ಅರಮನೆಗೆ ಕೆಲಸ ಮಾಡುತ್ತಿದ್ದ ಚಿತ್ರಗಾರರ ಮನೆತನದವರು. ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತರು. ಕಸ್ತೂರಬಾ ರಸ್ತೆಯ ಚಿತ್ರಶಾಲೆ ಅವರ ಹೆಸರಿನಲ್ಲೇ ಇದೆ. ಅವರು ಬರೆದ ಊಟಿಯ ಜಲವರ್ಣಗಳ ಎದುರು ನಿಂತರೆ, ಮನೆತನದಿಂದ ಬಂದ ಕೈ ಎಲ್ಲಿ ಮುಗಿಯಿತು, ಅವರ ಸ್ವಂತದ್ದು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ನನ್ನಿಂದಂತೂ ಆಗುವುದಿಲ್ಲ.

ಹಾಗಂತ ಮೈಸೂರು ಚಿತ್ರ ಎಂದ ಕೂಡಲೇ ಕಣ್ಣುಮುಚ್ಚಿ ಕೊಳ್ಳಬೇಡಿ. ಪಕ್ಕದ ಮನೆಯವರು ಕಮ್ಮಿಗೆ ಸಿಕ್ಕಿತೆಂದು ತಂದ ಲಕ್ಷ್ಮಿಯ ಕಿರೀಟ ಆಗಲೇ ಕಪ್ಪಾಗಿದೆ. ಅದು ಚಿನ್ನದ ರೇಕೇ ಅಲ್ಲ. ಅಸಲಿ ರೇಕಾದರೆ ಬಣ್ಣಗೆಡುವುದಿಲ್ಲ. ಚಿತ್ರಕ್ಕೆ ಗಾಜು ಹಾಕಿಸಿಕೊಳ್ಳಿ, ಬಾತ್‌ರೂಮಿಗೆ ಹೊಂದಿಕೊಂಡ ಗೋಡೆಗೆ ಮಾತ್ರ ನೇತುಹಾಕಬೇಡಿ.

ನಮ್ಮದು ಬಾಡಿಗೆ ಮನೆ, ಓನರು ಹಾಲಿನಲ್ಲಿ ಒಂದೇ ಮೊಳೆಗೆ ಒಪ್ಪಿದ್ದಾರೆ. ಆ ಮೊಳೆ ಸರಸ್ವತಿಗೆ. ನಾನು ಬೆಳಿಗ್ಗೆ ಕಾಫಿ ಹಿಡಿದು ಹತ್ತಿರ ನಿಂತು ನೋಡುವವಳು, ಹತ್ತಿರದಿಂದ ಗೆಲ್ಲುವುದು ಅದೇ. ದೂರದ ಸೋಫಾದಿಂದ ನೋಡಿ ಖುಷಿಪಡುವವರಾದರೆ, ಗೋಡೆಯೂ ದೊಡ್ಡದಿದ್ದರೆ, ಕ್ಯಾನ್ವಾಸೇ ಸರಿ. ಬಜೆಟ್ 5 ಸಾವಿರದೊಳಗೆ ಇದ್ದರೆ ಎರಡೂ ಬಿಡಿ, ಕಾಗದದ ಮೇಲಿನ ಒಳ್ಳೆ ಜಲವರ್ಣ ನೋಡಿ.

ಚಿತ್ರಸಂತೆಗೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನದ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಕ್ಯಾನ್ವಾಸನ್ನು ತಿರುಗಿಸಿ ಮೂಲೆ ನೋಡಿ, ಉಬ್ಬಿಗೆ ಏನು ಹಾಕಿದ್ದೀರಿ ಎಂದು ಕೇಳಿ. ತಿರುಗಿಸಲು ಬಿಡದಿದ್ದರೆ ಮುಂದಿನವರ ಬಳಿ ನಡೆಯಿರಿ, ರಸ್ತೆ ಉದ್ದಕ್ಕೂ ಇರುತ್ತಾರೆ.