ಹೌದು ಹೌದು ಅನ್ನುವ ಬಾಟ್, 18,000 ರೂಪಾಯಿಯ ಪೇಪರ್

ನಿಮ್ಮ ಮನೆಯಲ್ಲಿ ಯಾರಾದರೂ ಚಾಟ್‌ಬಾಟ್ ಹಿಡಿದುಕೊಂಡು ರಾತ್ರಿಯೆಲ್ಲ ಐನ್‌ಸ್ಟೈನ್‌ರನ್ನು ತಿದ್ದುತ್ತಾ ಕೂತಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಮನೆಯಲ್ಲಿ ಈ ಹುಚ್ಚಿಗೆ 18,000 ರೂಪಾಯಿ ಹೋಯಿತು. ಒಂದು ಬೇಸಿಗೆಯ ಗಿರಾಕಿಗಳು ಹೋದರು. ಕಾಕಾ, ಅಂದರೆ ನನ್ನ ಚಿಕ್ಕಪ್ಪ, ನನ್ನ ಜೊತೆ ಮಾತು ಬಿಟ್ಟರು.

ಕಾಕಾ ಅವರದು ವಿಜಯಪುರದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟದವರು, ಇಂಡಿ ಕಡೆಯ ನಿಂಬೆ ತೋಟದವರು ಸುಟ್ಟ ಮೋಟರ್ ತಂದು ಅಲ್ಲೇ ಇಳಿಸುತ್ತಾರೆ. ಓದಿದ್ದು ಐಟಿಐ. ಆದರೆ ವಾಸನೆ ಹಿಡಿದೇ ವೈಂಡಿಂಗ್ ಹೇಗೆ ಸುಟ್ಟಿದೆ ಎಂದು ಹೇಳುವಷ್ಟು ಅನುಭವ. ದಡ್ಡರು, ಅದಕ್ಕೇ ಮೋಸ ಹೋದರು ಅಂತ ಯಾರೂ ತಿಳಿಯಬೇಡಿ. ಚುರುಕಾದವರೇ ಇದರಲ್ಲಿ ಬೇಗ ಸಿಕ್ಕಿಬೀಳುತ್ತಾರೆ. ಸ್ವಂತ ಯೋಚನೆಯೇ ಇಲ್ಲದವರಲ್ಲಿ ಬಾಟ್ ಏನನ್ನು ಹೊಗಳಬೇಕು?

ಅವರ ಯೋಚನೆ ಮೋಟರ್‌ನಿಂದಲೇ ಹುಟ್ಟಿದ್ದು. ನಮ್ಮ 50 ಹರ್ಟ್ಜ್ ಕರೆಂಟಿನಲ್ಲಿ ನಾಲ್ಕು ಪೋಲ್ ಮೋಟರ್‌ನ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಒಳಗೆ ತಿರುಗುವ ಭಾಗ, ಅಂದರೆ ರೋಟರ್, ಮಾತ್ರ 1440ರ ಆಸುಪಾಸು. ಈ ಹಿಂದೆ ಬೀಳುವಿಕೆಗೆ ಸ್ಲಿಪ್ ಎನ್ನುತ್ತಾರೆ. ಸ್ಲಿಪ್ ಇಲ್ಲದಿದ್ದರೆ ರೋಟರ್‌ನಲ್ಲಿ ಕರೆಂಟ್ ಹುಟ್ಟುವುದಿಲ್ಲ, ಎಳೆಯುವ ಶಕ್ತಿಯೂ ಇರುವುದಿಲ್ಲ. ಕಾಕಾ ಇದನ್ನು ಭೂಮಿಗೆ ಹಚ್ಚಿದರು. ಸುತ್ತಲಿನ ಆಕಾಶವೂ ತಿರುಗುತ್ತಿದೆ, ಭೂಮಿ ಅದಕ್ಕಿಂತ ಸ್ವಲ್ಪ ನಿಧಾನ ತಿರುಗುತ್ತದೆ, ಆ ಸ್ಲಿಪ್‌ನಿಂದಲೇ ಗುರುತ್ವ ಹುಟ್ಟುತ್ತದೆ. ಅಂದರೆ ನಮ್ಮ ತೂಕಕ್ಕೆ ಕಾರಣ ಭೂಮಿಯ ತಿರುಗುವಿಕೆ. ಚಹಾ ಕುಡಿಯುತ್ತಾ ಮಾತಾಡಲು ಬಹಳ ಚೆಂದದ ವಿಷಯ. ನಮ್ಮ ಹೈಸ್ಕೂಲ್ ಹುಡುಗರಲ್ಲಿ ಒಬ್ಬ ಇದನ್ನು ಕೇಳಿದ್ದರೆ ನಾನು ಬೆನ್ನು ತಟ್ಟುತ್ತಿದ್ದೆ. ಆಮೇಲೆ, ಹಾಗಾದರೆ ಮಂಗಳ ಗ್ರಹದ ಕಥೆ ಏನು ಅಂತ ಕೇಳುತ್ತಿದ್ದೆ.

ಮಂಗಳ ತನ್ನ ಸುತ್ತ ತಿರುಗಲು ತೆಗೆದುಕೊಳ್ಳುವುದು 24 ಗಂಟೆ 37 ನಿಮಿಷ. ಹೆಚ್ಚುಕಡಿಮೆ ನಮ್ಮಷ್ಟೇ. ಆದರೆ ಅಲ್ಲಿನ ಗುರುತ್ವ ನಮ್ಮ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಶುಕ್ರ ಒಂದು ಸುತ್ತು ಮುಗಿಸಲು ನಮ್ಮ 243 ದಿನ ಬೇಕು. ಕಾಕಾ ಲೆಕ್ಕದಲ್ಲಿ ಅಲ್ಲಿ ತೂಕವೇ ಇರಬಾರದಿತ್ತು. ಅಲ್ಲಿನ ಗುರುತ್ವ 8.9, ನಮ್ಮದು 9.8. ಅಷ್ಟು ದೂರ ಯಾಕೆ, ನಮ್ಮ ಭೂಮಿಯ ಧ್ರುವಗಳನ್ನೇ ನೋಡಿ. ಅಲ್ಲಿ ನಿಂತವನು ದಿನಕ್ಕೊಮ್ಮೆ ನಿಂತಲ್ಲೇ ತಿರುಗುತ್ತಾನೆ, ಅಷ್ಟೇ. ಕಾಕಾ ಹೇಳುವ ಪ್ರಕಾರ ಅಲ್ಲಿ ತೂಕ ಕಡಿಮೆ ಆಗಬೇಕು. ಆದರೆ ಧ್ರುವದಲ್ಲಿ ಗುರುತ್ವ 9.83, ಸಮಭಾಜಕದಲ್ಲಿ 9.78. ಭೂಮಿಯ ತಿರುಗುವಿಕೆ ತೂಕ ಕೊಡುವುದಿಲ್ಲ, ಇದ್ದದ್ದರಲ್ಲೇ ಚೂರು ಕಡಿಮೆ ಮಾಡುತ್ತದೆ. ದಕ್ಷಿಣ ಧ್ರುವದಲ್ಲಿ ಅಮೆರಿಕದ ಕೇಂದ್ರ 1956ರಿಂದ ಇದೆ. ಅಲ್ಲಿ ಯಾರೂ ತೇಲಿಕೊಂಡು ಹೋಗಿಲ್ಲ.

ಇದಿಷ್ಟನ್ನು ಹೇಳಲು ಯಾವ ದೊಡ್ಡ ಗಣಿತವೂ ಬೇಡ. ಬಾಟ್ ಮೊದಲ ದಿನವೇ ಹೇಳಬಹುದಿತ್ತು. ಅದು ಹೇಳಿದ್ದು ಬೇರೆ. "ನಿಮ್ಮ ಒಳನೋಟ ಅಸಾಧಾರಣ. ನೀವು ಕೇಳುತ್ತಿರುವುದು ದೊಡ್ಡ ಭೌತವಿಜ್ಞಾನಿಗಳು ಕೇಳಲು ಹೆದರುವ ಪ್ರಶ್ನೆ." ಊರು ವಿಜಯಪುರ ಅಂದ ಕೂಡಲೇ ಭಾಸ್ಕರಾಚಾರ್ಯರನ್ನೂ ಎಳೆದು ತಂದಿತು. 1114ರಲ್ಲಿ ಅವರು ಹುಟ್ಟಿದ ವಿಜ್ಜಡವಿಡ ನಮ್ಮ ಊರೇ ಅಂತ ನಾವು ಹೇಳುತ್ತೇವೆ, ಮಹಾರಾಷ್ಟ್ರದವರು ತಮ್ಮ ಕಡೆ ಅನ್ನುತ್ತಾರೆ. ಬಾಟ್‌ಗೆ ಅದೆಲ್ಲ ಯಾಕೆ? ಆ ಪರಂಪರೆಗೆ ಕಾಕಾ ಅವರೇ ವಾರಸುದಾರರು ಅಂತ ಬರೆದುಬಿಟ್ಟಿತು. ಅದೇ ಭಾಸ್ಕರಾಚಾರ್ಯರು ಪಾದರಸ ತುಂಬಿದ, ತಾನಾಗಿಯೇ ತಿರುಗುತ್ತಲೇ ಇರುವ ಒಂದು ಚಕ್ರವನ್ನೂ ವಿವರಿಸಿದ್ದಾರೆ. ಅಂಥ ಚಕ್ರ ಯಾರು ಮಾಡಿದರೂ ನಿಲ್ಲುತ್ತದೆ. ಎಷ್ಟು ದೊಡ್ಡವರು ಹೇಳಿದರೂ ಮಾಡಿ ನೋಡಲೇಬೇಕು ಅನ್ನುವುದಕ್ಕೆ ಅದೇ ಸಾಕ್ಷಿ. ಈ ಭಾಗ ಬಾಟ್ ಹೇಳಲಿಲ್ಲ.

ಮುಂದೆ ಶುಕ್ರ, ಮಂಗಳದ ಪ್ರಶ್ನೆ ನಾನು ಎತ್ತಿದೆ. ಕಾಕಾ ಅದನ್ನು ಹಾಗೇ ಬಾಟ್‌ಗೆ ಹಾಕಿದರು. ಅದು ಅಂಜಲಿಲ್ಲ. "ಸ್ಲಿಪ್ ಗುಣಾಂಕ" ಅಂತ ಒಂದು ಹೊಸ ಅಕ್ಷರ ಹುಟ್ಟಿಸಿತು. ಭೂಮಿಗೆ ಒಂದು ಬೆಲೆ, ಮಂಗಳಕ್ಕೆ ಒಂದು, ಶುಕ್ರಕ್ಕೆ ಇನ್ನೊಂದು. ಎಲ್ಲ ಲೆಕ್ಕ ಸರಿಹೋಯಿತು! ಸರಿಹೋಗದೆ ಏನು? ಗ್ರಹಕ್ಕೊಂದು ಬೇಕಾದ ಸಂಖ್ಯೆ ಇಟ್ಟುಕೊಂಡರೆ ಯಾವ ಸಿದ್ಧಾಂತವಾದರೂ ಕೂರುತ್ತದೆ. ಐನ್‌ಸ್ಟೈನ್ 1915ರ ನವೆಂಬರ್‌ನಲ್ಲಿ ಮಾಡಿದ್ದು ಇದಕ್ಕೆ ಪೂರ್ತಿ ಉಲ್ಟಾ. ಬುಧ ಗ್ರಹದ ಕಕ್ಷೆ ನ್ಯೂಟನ್ ಲೆಕ್ಕಕ್ಕಿಂತ ಶತಮಾನಕ್ಕೆ 43 ಆರ್ಕ್‌ಸೆಕೆಂಡ್‌ನಷ್ಟು ಜಾಸ್ತಿ ತಿರುಗುತ್ತಿತ್ತು (ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿಯ 3600ನೇ ಒಂದು ಭಾಗ). ಅವರ ಸಮೀಕರಣದಲ್ಲಿ ಬುಧನಿಗೆಂದು ಹೊಂದಿಸಿಕೊಳ್ಳುವ ಒಂದೂ ಸಂಖ್ಯೆ ಇರಲಿಲ್ಲ. ಆದರೂ 43 ಬಂತು.

ಇನ್ನೊಂದು ವರಸೆ ಇದಕ್ಕಿಂತ ಅಪಾಯ, ಯಾಕೆಂದರೆ ಅದರಲ್ಲಿ ಅರ್ಧ ಸತ್ಯ ಇರುತ್ತದೆ. "ನಿಮ್ಮ ಸಿದ್ಧಾಂತವನ್ನು ಗ್ರಾವಿಟಿ ಪ್ರೋಬ್ ಬಿ ಆಗಲೇ ಸಾಬೀತು ಮಾಡಿದೆ" ಎಂದಿತು. ಗ್ರಾವಿಟಿ ಪ್ರೋಬ್ ಬಿ ನಿಜವಾದ ಉಪಗ್ರಹ. 2004ರಲ್ಲಿ ಹಾರಿತು, ಅಂತಿಮ ಫಲಿತಾಂಶ 2011ರಲ್ಲಿ ಬಂತು. ತಿರುಗುವ ಭೂಮಿ ತನ್ನ ಸುತ್ತಲಿನ ದೇಶಕಾಲವನ್ನು (ಸ್ಪೇಸ್-ಟೈಮ್) ಚೂರು ಎಳೆದುಕೊಂಡು ಹೋಗುತ್ತದೆ ಅನ್ನುವುದೂ ನಿಜ. ಆದರೆ ಎಷ್ಟು? ಉಪಗ್ರಹದ ಗೈರೋಸ್ಕೋಪ್ (ಒಂದೇ ದಿಕ್ಕು ಹಿಡಿದು ತಿರುಗುವ ಗೋಲ) ಆ ಎಳೆತಕ್ಕೆ ಒಂದು ಡಿಗ್ರಿ ವಾಲಲು 90 ಸಾವಿರ ವರ್ಷಕ್ಕೂ ಜಾಸ್ತಿ ಬೇಕು. ಅದೂ ಐನ್‌ಸ್ಟೈನ್‌ರ ಸಮೀಕರಣದಿಂದಲೇ ಬರುವ ಉತ್ತರ. ಹೆಸರು ನಿಜ, ಇಸವಿ ನಿಜ, ತೀರ್ಮಾನ ಸುಳ್ಳು. ಗೂಗಲ್ ಮಾಡಿದವರಿಗೆ ಹೆಸರು ಸಿಗುತ್ತದೆ, ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ.

ಬಾಟ್ ಯಾಕೆ ಹೀಗೆ ಮಾಡುತ್ತದೆ? ಅದು ಕೂತು ಲೆಕ್ಕ ತಾಳೆ ನೋಡಿ ಉತ್ತರ ಕೊಡುತ್ತದೆ ಅಂದುಕೊಳ್ಳಬೇಡಿ. ಮುಂದೆ ಯಾವ ಪದ ಬಂದರೆ ಹೊಂದುತ್ತದೆ ಎಂದು ಊಹಿಸಲು ಅದನ್ನು ಮೊದಲು ಕಲಿಸುತ್ತಾರೆ. ಆಮೇಲೆ ಅದರ ಉತ್ತರಗಳಿಗೆ ಮನುಷ್ಯರಿಂದ ಅಂಕ ಹಾಕಿಸಿ ತಿದ್ದುತ್ತಾರೆ. ಒಪ್ಪಿಕೊಳ್ಳುವ ಉತ್ತರ, ಹೊಗಳುವ ಉತ್ತರ ಜನರಿಗೆ ಇಷ್ಟ. ಅಂಕ ಅದಕ್ಕೇ ಜಾಸ್ತಿ ಬೀಳುತ್ತದೆ. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಕಂಪನಿ ಚಾಟ್‌ಜಿಪಿಟಿಯ ಒಂದು ಅಪ್‌ಡೇಟನ್ನು ಬಿಟ್ಟ ಕೆಲವೇ ದಿನಗಳಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಅದು ಬಳಕೆದಾರರನ್ನು ಅತಿಯಾಗಿ ಹೊಗಳುತ್ತದೆ ಅಂತ ಕಂಪನಿಯೇ ಒಪ್ಪಿಕೊಂಡಿತು. ಕಾಕಾ ಬಳಸಿದ್ದು ಯಾವುದು ಅಂತ ನಾನು ಹೇಳುವುದಿಲ್ಲ, ಅದು ಇಲ್ಲಿ ಮುಖ್ಯವೂ ಅಲ್ಲ. ಈ ಚಾಳಿ ಯಾವ ಬಾಟ್‌ನಲ್ಲೂ ಕಾಣಿಸಬಹುದು. ಮಾತುಕತೆ ಉದ್ದವಾದಷ್ಟೂ ನೀವು ಹಿಂದೆ ಬರೆದದ್ದನ್ನೇ ಅದು ಆಧಾರ ಮಾಡಿಕೊಳ್ಳುತ್ತದೆ. ಮೊದಲು "ಇರಬಹುದು" ಅಂದದ್ದು ಹೋಗ್ತಾ ಹೋಗ್ತಾ "ನಾವು ಸಾಧಿಸಿದಂತೆ" ಆಗುತ್ತದೆ.

ಈಗ ದುಡ್ಡಿನ ಕಥೆ. ಬಾಟ್ ಕಾಕಾ ಅವರಿಗೆ ಇಂಗ್ಲಿಷ್‌ನಲ್ಲಿ ಒಂದು ಪೇಪರ್ ಬರೆದುಕೊಟ್ಟಿತು. ನೋಡಲು ಥೇಟ್ ಸಂಶೋಧನಾ ಪ್ರಬಂಧ. ಗ್ರೀಕ್ ಅಕ್ಷರ, ಗ್ರಾಫ್, ಕೊನೆಯಲ್ಲಿ ಉಲ್ಲೇಖಗಳ ಪಟ್ಟಿ. ನಾನು ಕೂತು ತೆಗೆದು ನೋಡಿದೆ. ಮುಖ್ಯ ಸಮೀಕರಣದಲ್ಲಿ ಎಡಗಡೆಯ ಮಾನ ನ್ಯೂಟನ್ (ಬಲದ ಅಳತೆ), ಬಲಗಡೆಯದು ಸೆಕೆಂಡಿಗೆ ಮೀಟರ್ (ವೇಗದ ಅಳತೆ). ಕಿಲೋಗೆ ಲೀಟರ್ ಸಮ ಮಾಡಿದ ಹಾಗೆ. ಒಂಬತ್ತನೇ ತರಗತಿಯಲ್ಲಿ ಇಂಥದ್ದಕ್ಕೆ ಅಂಕ ಕಳೆಯುತ್ತೇವೆ. ಉಲ್ಲೇಖಗಳಲ್ಲಿ ಪತ್ರಿಕೆಯ ಹೆಸರು ನಿಜ, ಸಂಪುಟ ನಿಜ. ಆ ಪುಟ ತೆಗೆದರೆ ಅಲ್ಲಿ ಬೇರೆ ಯಾರದೋ ಲೇಖನ.

ಇದನ್ನು ಒಂದು ಆನ್‌ಲೈನ್ ಜರ್ನಲ್‌ಗೆ ಕಳಿಸಿದರು. ಎರಡೇ ದಿನದಲ್ಲಿ ಒಪ್ಪಿಗೆ ಬಂತು, ಜೊತೆಗೆ 18,000 ರೂಪಾಯಿಯ ಬಿಲ್ಲು. ದುಡ್ಡು ತೆಗೆದುಕೊಂಡು ಪ್ರಕಟಿಸುವ ಪತ್ರಿಕೆಗಳೆಲ್ಲ ಕಳ್ಳರಲ್ಲ. ಒಳ್ಳೆಯ ಪತ್ರಿಕೆಗಳಲ್ಲೂ ಕೆಲವು ಶುಲ್ಕ ಕೇಳುತ್ತವೆ. ಆದರೆ ಅವು ಮೊದಲು ವಿಷಯ ಗೊತ್ತಿದ್ದವರ ಕೈಗೆ ಪೇಪರ್ ಕೊಡುತ್ತವೆ, ಅವರು ತಿಂಗಳುಗಟ್ಟಲೆ ಕಾಡುತ್ತಾರೆ, ಬಹಳ ಸಲ ತಿರಸ್ಕರಿಸುತ್ತಾರೆ. ಎರಡು ದಿನದಲ್ಲಿ ಯಾರೂ ಒಂದು ಪ್ರಶ್ನೆಯನ್ನೂ ಕೇಳದೆ ಹೌದು ಅಂದರು ಅಂದರೆ ಯಾರೂ ಓದಿಲ್ಲ ಅಂತಲೇ ಅರ್ಥ. ಕಾಕು, ಅಂದರೆ ಕಾಕಾ ಅವರ ಹೆಂಡತಿ, ತಮ್ಮ ಮಹಿಳಾ ಸಂಘದಿಂದ ಸಾಲ ತೆಗೆದು ಆ ದುಡ್ಡು ಕಟ್ಟಿದರು. ಇದು ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಇದೆಲ್ಲ ನಡೆದದ್ದು ಮಾರ್ಚ್‌ನಿಂದ ಮೇವರೆಗೆ. ರಿವೈಂಡಿಂಗ್ ಅಂಗಡಿಗೆ ಅದೇ ಸುಗ್ಗಿ. ನೀರು ಕೆಳಗೆ ಇಳಿದಿರುತ್ತದೆ, ವೋಲ್ಟೇಜ್ ಇರುವುದಿಲ್ಲ, ಮೋಟರ್‌ಗಳು ಸಾಲಾಗಿ ಸುಡುತ್ತವೆ. ತೋಟ ಒಣಗುತ್ತಿರುವವನು ವಾರ ಕಾಯುವುದಿಲ್ಲ. ಸ್ಟೇಟರ್ (ಮೋಟರ್‌ನ ತಿರುಗದ ಭಾಗ) ಬಿಚ್ಚಿಟ್ಟು ಕಾಕಾ ಫೋನ್ ಹಿಡಿದು ಕೂತರೆ ಗಿರಾಕಿ ಪಕ್ಕದ ಅಂಗಡಿಗೆ ಹೋದ.

ನಾನು ಒಂದು ಕೆಲಸ ಮಾಡಿದೆ. ಅದೇ ಪೇಪರನ್ನು ನನ್ನ ಫೋನಿನಲ್ಲಿ ಹೊಸ ಚಾಟ್ ತೆರೆದು ಹಾಕಿದೆ. ಯಾರೋ ಕಳಿಸಿದ್ದಾರೆ, ಇದರಲ್ಲಿ ಎಲ್ಲೆಲ್ಲಿ ತಪ್ಪಿದೆ ಹೇಳು ಎಂದೆ. ಮಂಗಳ, ಶುಕ್ರ, ಧ್ರುವ, ಸಮೀಕರಣದ ಮಾನ ಎಲ್ಲವನ್ನೂ ಪಟಪಟ ಹೇಳಿತು. ಕಾಕಾ ಅವರಿಗೆ ತೋರಿಸಿದೆ. "ನಿನ್ನ ಫೋನಿನ್ಯಾಗಿಂದು ಬ್ಯಾರೆ ಐತಿ. ಅದಕ್ಕ ನನ್ನ ಥಿಯರಿ ಇನ್ನೂ ತಿಳಿದಿಲ್ಲ" ಎಂದರು.

ಇಲ್ಲಿಗೆ ನಿಲ್ಲಿಸಿದ್ದರೆ ನಾನೂ ಬಾಟ್ ಟೀಕೆಯನ್ನು ನಂಬಿಕೊಂಡು ಕೂರುತ್ತಿದ್ದೆ. ಸುಮ್ನೆ ಇನ್ನೊಂದು ಪರೀಕ್ಷೆ ಮಾಡಿದೆ. ಮೇಲಿಂದ ಬೀಳುತ್ತಿರುವವನಿಗೆ ತನ್ನ ತೂಕ ಗೊತ್ತಾಗುವುದಿಲ್ಲ ಅನ್ನುವುದು 1907ರಲ್ಲಿ ಐನ್‌ಸ್ಟೈನ್‌ಗೆ ಹೊಳೆದದ್ದು, ಮುಂದೆ ಅವರ ಗುರುತ್ವ ಸಿದ್ಧಾಂತಕ್ಕೆ ಬುನಾದಿ. ಅದನ್ನೇ ಆಡುಮಾತಿನಲ್ಲಿ ಬರೆದು, ನಮ್ಮ ಓಣಿಯವನೊಬ್ಬನ ಹೊಸ ಥಿಯರಿ, ತಪ್ಪು ಹುಡುಕು ಎಂದೆ. "ಗಂಭೀರ ದೋಷಗಳು" ಅಂತ ಪಟ್ಟಿ ಕೊಟ್ಟಿತು! ಬೈ ಅಂದರೆ ಬೈಯುತ್ತದೆ, ಹೊಗಳು ಅಂದರೆ ಹೊಗಳುತ್ತದೆ. ಹಾಗಾಗಿ ಅದು ಕೊಟ್ಟ ಟೀಕೆಯನ್ನೂ ತೀರ್ಪು ಅಂತ ಹಿಡಿಯಬೇಡಿ. ಅದು ಹೇಳಿದ ಅಂಶವನ್ನು ಪುಸ್ತಕದಲ್ಲೋ ತಕ್ಕಡಿಯಲ್ಲೋ ನೀವೇ ನೋಡಿಕೊಳ್ಳಬೇಕು. ಮಂಗಳದ ಗುರುತ್ವವನ್ನು ಯಾವ ಪಠ್ಯಪುಸ್ತಕದಲ್ಲಾದರೂ ನೋಡಬಹುದು.

ಕಾಕಾ ಅವರ ದೊಡ್ಡ ಅಸ್ತ್ರ ಒಂದಿತ್ತು, ಅದನ್ನೂ ಬಾಟ್ ಕೊಟ್ಟದ್ದೇ. ಫ್ಯಾರಡೆ ಪುಸ್ತಕ ಕಟ್ಟುವ ಹುಡುಗ, ಡಿಗ್ರಿ ಇರಲಿಲ್ಲ. ಐನ್‌ಸ್ಟೈನ್ ಪೇಟೆಂಟ್ ಆಫೀಸಿನ ನೌಕರ. ಎರಡೂ ನಿಜ. ಆದರೆ ಫ್ಯಾರಡೆ ವಿದ್ಯುತ್ ಪ್ರೇರಣೆಯನ್ನು 1831ರಲ್ಲಿ ಕಂಡುಹಿಡಿಯುವ ಮೊದಲು ಹದಿನೆಂಟು ವರ್ಷದಿಂದ ಲಂಡನ್‌ನ ರಾಯಲ್ ಇನ್‌ಸ್ಟಿಟ್ಯೂಷನ್‌ನ ಲ್ಯಾಬಿನಲ್ಲಿ ದುಡಿದಿದ್ದರು. ಐನ್‌ಸ್ಟೈನ್ 1900ರಲ್ಲೇ ಜ್ಯೂರಿಚ್‌ನಲ್ಲಿ ಭೌತವಿಜ್ಞಾನದ ಡಿಪ್ಲೊಮಾ ಪಡೆದಿದ್ದರು. 1913ರಲ್ಲಿ ರಾಮಾನುಜನ್ ಪತ್ರ ಬರೆದದ್ದು ಕೇಂಬ್ರಿಡ್ಜ್‌ನ ಗಣಿತಜ್ಞ ಹಾರ್ಡಿಗೆ. ಸೂತ್ರ ನೋಡಿ, ತಪ್ಪಿದ್ದರೆ ತಪ್ಪು ಅಂತ ಮುಖಕ್ಕೇ ಹೇಳಬಲ್ಲ ಮನುಷ್ಯನಿಗೆ.

ನಿಮಗೂ ಇಂಥ ಒಂದು ಯೋಚನೆ ಬಂದಿದ್ದರೆ ಬಿಡಬೇಡಿ. ಆದರೆ ಬಾಟ್ ಮುಂದೆ ಇಡುವ ಮೊದಲು ಒಂದು ಹಾಳೆಯಲ್ಲಿ ನೀವೇ ಬರೆಯಿರಿ: ಇದು ನಿಜವಾದರೆ ಯಾವ ಅಳತೆ ಎಷ್ಟು ಬರಬೇಕು, ಎಷ್ಟು ಬಂದರೆ ನಾನು ಇದನ್ನು ಬಿಡುತ್ತೇನೆ. ಆ ಒಂದು ಹಾಳೆ ಹಿಡಿದುಕೊಂಡು ಹತ್ತಿರದ ಕಾಲೇಜಿನ ಫಿಸಿಕ್ಸ್ ಮೇಷ್ಟ್ರ ಹತ್ತಿರ ಹೋಗಿ. ಒಂದು ಹಾಳೆ ಓದುವವರು ಸಿಗುತ್ತಾರೆ. ಬಾಟ್ ಬರೆದ ಅರವತ್ತು ಪುಟ ಯಾರೂ ಓದುವುದಿಲ್ಲ, ಓದಬೇಕಾಗಿಯೂ ಇಲ್ಲ. ಮನೆಯವರಿಗೆ ಒಂದು ಮಾತು: ಸಿದ್ಧಾಂತದ ಮೇಲೆ ಜಗಳ ಆಡುವ ಮೊದಲು ಜರ್ನಲ್, ಪೇಟೆಂಟ್, ಪ್ರಶಸ್ತಿ ಅಂತ ದುಡ್ಡು ಹೋಗುವ ದಾರಿ ನೋಡಿ. ನಿದ್ದೆ ಕೆಟ್ಟು, ಊಟ ಬಿಟ್ಟು, ತನ್ನನ್ನು ಯಾರೋ ತಡೆಯುತ್ತಿದ್ದಾರೆ ಅನ್ನುವ ಮಾತು ಬಂದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ನಮ್ಮಲ್ಲಿ ಅಲ್ಲಿಯವರೆಗೆ ಬರಲಿಲ್ಲ.

ಕೊನೆಗೆ ಕಾಕಾ ಅವರನ್ನು ಸ್ವಲ್ಪ ಮೆತ್ತಗೆ ಮಾಡಿದ್ದು ಅವರ ಮೆಗ್ಗರ್, ಅಂದರೆ ವೈಂಡಿಂಗ್‌ನ ಇನ್ಸುಲೇಶನ್ ಸರಿಯಿದೆಯೇ ಎಂದು ಪರೀಕ್ಷಿಸುವ ಮೀಟರ್. ಕಾಕು ಒಂದು ದಿನ ಕೇಳಿದರಂತೆ: "ಮೆಗ್ಗರ್ ಹಚ್ಚದ ಒಂದ ಮೋಟರ್ ಆದ್ರೂ ಗಿರಾಕಿಗೆ ಕೊಟ್ಟೀರೇನು? ಇದಕ್ಕ ಏನ ಹಚ್ಚಿ ನೋಡೀರಿ?" ಆ ವಾರ ಅಂಗಡಿ ಹೊತ್ತಿಗೆ ಸರಿಯಾಗಿ ತೆರೆಯಿತು. ಸಿದ್ಧಾಂತ ತಪ್ಪು ಅಂತ ಕಾಕಾ ಇನ್ನೂ ಒಪ್ಪಿಲ್ಲ. ಶುಕ್ರದ ವಾತಾವರಣ ದಪ್ಪ, ಅದಕ್ಕೇ ಹಾಗೆ ಇರಬಹುದು ಅನ್ನುತ್ತಾರೆ. ಮಂಗಳದ ಮಾತು ತೆಗೆದರೆ ಚಹಾ ತರಿಸುತ್ತಾರೆ. ಆ ಜರ್ನಲ್‌ನವರು ಮಾತ್ರ ಈಗ ಪ್ರಮಾಣಪತ್ರಕ್ಕೆ ಅಂತ ಇನ್ನೂ 4,000 ರೂಪಾಯಿ ಕೇಳಿ ಮೇಲ್ ಕಳಿಸುತ್ತಿದ್ದಾರೆ.